ಎಮರ್ಜೆನ್ಸಿ ಡ್ಯೂಟಿಗೆ ಜೇಬಲ್ಲಿ ಏನಿರಬೇಕು?

ಕೋಲಾರದಲ್ಲಿ ಎಮರ್ಜೆನ್ಸಿ ಮೆಡಿಸಿನ್ ಪಿಜಿ ಕೋರ್ಸಿಗೆ ಸೇರುವ ಜೂನಿಯರ್ ಡಾಕ್ಟರ್‌ಗಳಿಗೆ ನಾನು ಮೊದಲು ಹೇಳುವುದು ಇಷ್ಟೇ: ದಪ್ಪ ಪುಸ್ತಕ ರೂಮಲ್ಲೇ ಇರಲಿ. ಡ್ಯೂಟಿಗೆ ಏಪ್ರನ್ ಜೇಬಲ್ಲಿ ಹಿಡಿಸುವಷ್ಟು ಸಾಕು.

ಚಿಕಿತ್ಸೆ, ಡೋಸ್ ನೋಡಿಕೊಳ್ಳೋಕೆ ಆಪ್ ಆರಿಸುವಾಗ ಫೋನಿನ ಇಂಟರ್ನೆಟ್ ಆಫ್ ಮಾಡಿ ನೋಡಿ. ಆಗಲೂ ತೆರೆದುಕೊಂಡರೆ ಮಾತ್ರ ಇಟ್ಟುಕೊಳ್ಳಿ. ಆಮೇಲೆ ಅದರಲ್ಲಿ ಹಾವು ಕಡಿತ, ಕ್ರಿಮಿನಾಶಕ ವಿಷ ಎರಡನ್ನೂ ಹುಡುಕಿ. ಟೊಮೆಟೊ ಬೆಳೆಯುವ ಈ ಜಿಲ್ಲೆಯಲ್ಲಿ ಇವೆರಡೂ ಇಲ್ಲದ ಆಪ್ ಇದ್ದೇನು ಪ್ರಯೋಜನ? ಹೊರದೇಶದ ಆಪ್‌ಗಳಲ್ಲಿ ಅಲ್ಲಿನ ಹಾವುಗಳ ಮಾತೇ ಜಾಸ್ತಿ. ನಮಗೆ ಬೇಕಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಕೇಂದ್ರ ಆರೋಗ್ಯ ಇಲಾಖೆಯ ಹಾವು ಕಡಿತ ಚಿಕಿತ್ಸಾ ಮಾರ್ಗಸೂಚಿಯ ಪಿಡಿಎಫ್ ಇಳಿಸಿಕೊಳ್ಳಿ.

ಪಾಡ್‌ಕಾಸ್ಟ್ ಬೆಂಗಳೂರು ಬಸ್ಸಿನಲ್ಲಿ ಕೇಳೋಕೆ ಸರಿ, ಡ್ಯೂಟಿಯಲ್ಲಿ ಅಲ್ಲ.

ಇಷ್ಟಿದ್ದರೂ ಒಂದು ಪುಟ್ಟ ಡೈರಿ ಬೇಕೇ ಬೇಕು. ನಿಮ್ಮ ಕೈಯಲ್ಲೇ ಬರೆಯಿರಿ, ಆಗಲೇ ತಲೆಯಲ್ಲಿ ನಿಲ್ಲುವುದು. ಉದಾಹರಣೆಗೆ, ಕೆಲವು ಕ್ರಿಮಿನಾಶಕ ವಿಷಗಳಿಗೆ ಕೊಡುವ ಅಟ್ರೋಪಿನ್‌ನ ಆಂಪ್ಯೂಲ್ (ಪುಟ್ಟ ಗಾಜಿನ ಸೀಸೆ) 0.6 ಮಿ.ಗ್ರಾಂ ಇದ್ದರೆ 1.8 ಮಿ.ಗ್ರಾಂಗೆ ಮೂರು, ಲೇಬಲ್ ನೋಡದೆ ಒಡೆಯಬೇಡಿ. ಹಾವು ಕಡಿದವರ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ ಹೊಸ ಗಾಜಿನ ಟ್ಯೂಬ್, ಅಲುಗಾಡಿಸದೆ 20 ನಿಮಿಷ. ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಡೋಸ್ ಮಕ್ಕಳಿಗೂ ದೊಡ್ಡವರಷ್ಟೇ. ಡೋಸ್ ಬದಲಾದರೆ ಹಳೆಯದನ್ನು ಹೊಡೆದುಹಾಕಿ, ಪಕ್ಕದಲ್ಲೇ ದಿನಾಂಕ ಹಾಕಿ ಹೊಸದು ಬರೆಯಿರಿ.