ಅಂಗಳಕ್ಕೆ ನಿತ್ಯಪುಷ್ಪದ ಹಾಸು

ಅರಸೀಕೆರೆ, ಕಡೂರು ಕಡೆ ಬೇಲಿ ಬದಿಯಲ್ಲಿ ಯಾರೂ ನೀರು ಹಾಕದಿದ್ದರೂ ಹೂಬಿಡುವ ಗಿಡ ನಿತ್ಯಪುಷ್ಪ. ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರೆ. ಮೂಲ ಮಡಗಾಸ್ಕರ್. ಇದನ್ನೇ ಒತ್ತಾಗಿ ನೆಟ್ಟರೆ ಅಂಗಳದ ಬೋಳು ನೆಲ ಹೂವಿನಿಂದ ಮುಚ್ಚಿಹೋಗುತ್ತದೆ.

ಬಿಸಿಲಿಗೆ ಈ ಗಿಡ ಹೆದರುವುದಿಲ್ಲ. ಸಾಯುವುದು ನಿಂತ ನೀರಿಗೆ. ಸಕಲೇಶಪುರದ ತವರಿನಲ್ಲಿ ಒಮ್ಮೆ ಜೂನ್‌ನಲ್ಲೇ ಸಸಿ ನೆಟ್ಟಿದ್ದೆ. ಆಗಸ್ಟ್ ಹೊತ್ತಿಗೆ ಬುಡ ಕಪ್ಪಾಗಿ ಎಲ್ಲವೂ ಕೊಳೆತವು. ಹಾಗಾಗಿ ಮೊದಲು ನಿಮ್ಮೂರಿನ ಮಳೆ ನೋಡಿಕೊಳ್ಳಿ. ಸಕಲೇಶಪುರ, ಮೂಡಿಗೆರೆ, ಶೃಂಗೇರಿಯವರು ಮಳೆ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ ನೆಡಿ. ಬಯಲುಸೀಮೆಯವರಿಗೆ ಜೂನ್ ಆದರೂ ಸರಿ.

ನೆಡುವ ಎರಡು ತಿಂಗಳು ಮುಂಚೆ, ಮಳೆ ತಾಗದ ಜಗಲಿಯಲ್ಲಿ ಟ್ರೇಗೆ ಬೀಜ ಹಾಕಿ. ಇದರ ಬೀಜಕ್ಕೆ ಕತ್ತಲೆ ಬೇಕು. ತೆಳ್ಳಗೆ ಮಣ್ಣು ಮುಚ್ಚಿ, ಮೇಲೆ ಗೋಣಿಚೀಲ ಹೊದಿಸಿ. ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಕಂಡ ದಿನವೇ ಗೋಣಿ ತೆಗೆಯಿರಿ, ಇಲ್ಲದಿದ್ದರೆ ಸಸಿ ಬಿಳಿಚಿಕೊಂಡು ಸುಮ್ನೆ ಉದ್ದ ಬೆಳೆಯುತ್ತದೆ.

ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವ ಜಾಗ ಆರಿಸಿ. ಮಡಿ ಅರ್ಧ ಅಡಿ ಎತ್ತರಿಸಿ. ಅಂಟು ಮಣ್ಣಾದರೆ ಮರಳು ಬೆರೆಸಿ. ಗೊಬ್ಬರ ಜಾಸ್ತಿಯಾದರೆ ಬರೀ ಎಲೆ ಬರುತ್ತದೆ, ಒಂದು ಬೊಗಸೆ ಕಾಂಪೋಸ್ಟ್ ಸಾಕು. ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. 10 ಅಡಿ ಉದ್ದ, 3 ಅಡಿ ಅಗಲದ ಮಡಿಗೆ ಸುಮಾರು 30 ಸಸಿ ಹಿಡಿಯುತ್ತದೆ.

ಗಿಡ ಗೇಣುದ್ದ ಆದಾಗ ತುದಿ ಚಿವುಟಿ. ಆಗಲೇ ಮೊಗ್ಗು ಬಂದಿರುತ್ತದೆ, ಚಿವುಟಲು ಮನಸ್ಸೇ ಬರುವುದಿಲ್ಲ ಅಲ್ವಾ? ಆದರೂ ಚಿವುಟಿ. ಆಗಲೇ ಅಡ್ಡಕ್ಕೆ ಕವಲೊಡೆದು ನೆಲ ಮುಚ್ಚುವುದು. ಬಿಟ್ಟರೆ ಕೋಲಿನ ಹಾಗೆ ಮೇಲಕ್ಕೇ ಹೋಗುತ್ತದೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಚಿವುಟಿ.

ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ಎಲೆಯ ಮೇಲೆ ಬೇಡ, ಬುಡಕ್ಕೆ ಹಾಕಿ. ಹೂವು ಹಸಿರಾಗಿ ಎಲೆಗಳು ಚಿಕ್ಕದಾದರೆ ಅದು ಜಿಗಿಹುಳು ಹರಡುವ ರೋಗ. ಮದ್ದಿಲ್ಲ, ಆ ಗಿಡ ಕಿತ್ತು ಸುಟ್ಟುಬಿಡಿ.

ಒಂದು ಮಾತು. ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಔಷಧಿಗಳು ಸಿಕ್ಕಿದ್ದು ಈ ಗಿಡದಿಂದಲೇ. ಅಷ್ಟೇ ವಿಷವೂ ಇದರಲ್ಲಿದೆ. ಶುಗರ್ ಇಳಿಯುತ್ತದೆ ಅಂತ ಎಲೆ ಜಗಿಯುವವರಿದ್ದಾರೆ. ದಯವಿಟ್ಟು ಬೇಡ. ಮಕ್ಕಳ ಬಾಯಿಗೂ ಹೋಗದ ಹಾಗೆ ನೋಡಿಕೊಳ್ಳಿ.

ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ, ಒಡೆಯುವ ಮುಂಚೆ ಬಿಡಿಸಿ ಬೀಜ ಇಟ್ಟುಕೊಳ್ಳಿ. ನಾಲ್ಕು ಕಾಯಿ ಗಿಡದಲ್ಲೇ ಬಿಟ್ಟಿರಿ. ಉದುರಿದ ಬೀಜದಿಂದ ಎದ್ದ ಸಸಿಗಳನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ, ಮಡಿಯಲ್ಲಿ ತೆರವಾದ ಕಡೆ ನೆಡಬಹುದು.