ಅಮೆರಿಕದ ಎಲೆಕ್ಷನ್ ಸಿನಿಮಾವನ್ನು ಬಾಗಲಕೋಟೆಯ ಮಾಳಿಗೆ ಮೇಲೆ ತೋರಿಸುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಮೊದಲನೇ ಸಲ ನಾನು ಇದನ್ನು ಪೂರ್ತಿ ಕೆಡಿಸಿದ್ದೆ. ನವನಗರದಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಬಿಳಿ ಧೋತರ ಕಟ್ಟಿ, ಮದುವೆ ವಿಡಿಯೋ ಮಾಡುವವರ ಹತ್ತಿರ ಪ್ರೊಜೆಕ್ಟರ್ ಬಾಡಿಗೆ ತಂದು, ಹದಿನೈದು ಜನರನ್ನು ಕರೆದು ಸಿನಿಮಾ ಹಾಕಿದೆ. ಅರ್ಧ ಗಂಟೆಗೆ ಒಂಬತ್ತು ಜನ ಉಳಿದರು. ಒಂದು ಗಂಟೆಗೆ ಉಳಿದದ್ದು ನಾನು, ನಮ್ಮ ಕಾಕಾ, ಮತ್ತು ಗೊರಕೆ ಹೊಡೆಯುತ್ತಿದ್ದ ಪಕ್ಕದ ಮನೆಯವರು. ತಪ್ಪು ಸಿನಿಮಾದ್ದಲ್ಲ. "ಬರ್ರಿ, ರಾಜಕೀಯದ ಇಂಗ್ಲಿಷ್ ಪಿಕ್ಚರ್ ಐತಿ" ಅಂತ ಕರೆದು ಸುಮ್ನೆ ಹಾಕಿಬಿಟ್ಟರೆ ಯಾರು ಕೂರುತ್ತಾರೆ? ಆಮೇಲೆ ಎರಡು ಸಲ ತೋರಿಸಿದೆ. ಎರಡೂ ಸಲ ರಾತ್ರಿ ಹನ್ನೆರಡು ದಾಟಿದರೂ ಯಾರೂ ಏಳಲಿಲ್ಲ, ವಾದ ನಡೆದೇ ಇತ್ತು. ಆ ಎರಡು ಸಲ ಏನು ಬದಲಾಯಿಸಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಿನಿಮಾ ಯಾವುದು ಅಂದರೆ 'ದಿ ಕ್ಯಾಂಡಿಡೇಟ್'. 1972ರದ್ದು, ಕ್ಯಾಲಿಫೋರ್ನಿಯಾ ರಾಜ್ಯದಿಂದ ಸೆನೆಟ್‌ಗೆ, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆಗೆ, ನಿಲ್ಲುವವನ ಕಥೆ. ರಾಬರ್ಟ್ ರೆಡ್‌ಫೋರ್ಡ್ ನಾಯಕ, ಮೈಕೆಲ್ ರಿಚಿ ನಿರ್ದೇಶಕ. ಚಿತ್ರಕಥೆ ಬರೆದ ಜೆರೆಮಿ ಲಾರ್ನರ್ 1968ರಲ್ಲಿ ಯೂಜೀನ್ ಮೆಕಾರ್ಥಿ ಅಧ್ಯಕ್ಷ ಹುದ್ದೆಗೆ ಓಡಾಡುವಾಗ ಅವರಿಗೆ ಭಾಷಣ ಬರೆದುಕೊಟ್ಟಿದ್ದ ಮನುಷ್ಯ. ಒಳಗಿನಿಂದ ನೋಡಿ ಬರೆದದ್ದು ಅಂತ ಐದೇ ನಿಮಿಷಕ್ಕೆ ಗೊತ್ತಾಗುತ್ತದೆ. ಆ ಕಥೆಗೆ ಅವರಿಗೆ ಆಸ್ಕರ್ ಕೂಡ ಬಂತು. ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ ಇದೆ. ದುಡ್ಡು ಕೊಟ್ಟು ತೆಗೆದುಕೊಳ್ಳಿ, ಮನೆಯವರು, ಗೆಳೆಯರು ಅಷ್ಟೇ ನೋಡಿ. ಟಿಕೆಟ್ ಹಚ್ಚಿ ಊರಿಗೆಲ್ಲ ತೋರಿಸಲು ಹೋದರೆ ಹಕ್ಕು, ಪರವಾನಿಗೆ ಅಂತ ಬೇರೆ ತಲೆನೋವು.

ಇನ್ನೊಂದು ಮಾತು, ಎಲೆಕ್ಷನ್ ಹೊತ್ತಿನಲ್ಲಿ ಇದನ್ನು ಹಾಕಲು ಹೋಗಬೇಡಿ. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ಬಂದ್ ಆಗುತ್ತದೆ, ಆಗ ಮಾಳಿಗೆ ಮೇಲೆ ಜನ ಸೇರಿಸಿ ಎಲೆಕ್ಷನ್ ಸಿನಿಮಾ ತೋರಿಸುತ್ತಿದ್ದೀರಿ ಅಂದರೆ ನಿಮಗೆ ಯಾಕೆ ಬೇಕು ಆ ಉಸಾಬರಿ. ಅದಕ್ಕಿಂತ ದೊಡ್ಡ ಕಾರಣ, ಆ ಹೊತ್ತಿನಲ್ಲಿ ಯಾರೂ ಸಿನಿಮಾ ನೋಡುವುದಿಲ್ಲ. ಎಲ್ಲರೂ ತಮ್ಮ ಪಕ್ಷದ ಕಣ್ಣಿನಿಂದಲೇ ನೋಡುತ್ತಾರೆ. ಫಲಿತಾಂಶ ಬಂದು ಎರಡು ತಿಂಗಳಾದ ಮೇಲೆ ಒಳ್ಳೆ ಟೈಮು. ಸೋತವರು ಸಮಾಧಾನ ಆಗಿರುತ್ತಾರೆ, ಗೆದ್ದವರ ಕಡೆಯವರು ಬೇಜಾರು ಪಟ್ಟುಕೊಳ್ಳಲು ಶುರುಮಾಡಿರುತ್ತಾರೆ.

ಯಾರನ್ನು ಕರೆಯಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಎಂಟು ಜನ ಸಾಕು. ಅದರಲ್ಲಿ ಒಬ್ಬರು ಬೂತ್ ಏಜೆಂಟ್ ಆಗಿ ಕೂತವರು ಇರಲೇಬೇಕು. ಗ್ರಾಮ ಪಂಚಾಯಿತಿಗೆ ನಿಂತು ಸೋತವರು ಒಬ್ಬರು ಸಿಕ್ಕರಂತೂ ಬಂಗಾರ, ಮನೆಗೇ ಹೋಗಿ ಕರೆದು ಬನ್ನಿ. ಕಾಲೇಜು ಹುಡುಗ ಹುಡುಗಿಯರು ಒಂದಿಬ್ಬರು. "ರಾಜಕೀಯ ಅಂದ್ರ ನನಗ ಆಗಂಗಿಲ್ಲ" ಅನ್ನುವವರು ಒಬ್ಬರು. ಈಗ ಅಧಿಕಾರದಲ್ಲಿರುವವರನ್ನು ಮಾತ್ರ ಕರೆಯಬೇಡಿ, ಅವರ ಮುಂದೆ ಉಳಿದವರು ಬಾಯಿ ಬಿಡುವುದಿಲ್ಲ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆ ರಾತ್ರಿ ಒಂಬತ್ತಾದರೂ ಕಾವು ಬಿಡುವುದಿಲ್ಲ, ಸಂಜೆ ಆರಕ್ಕೇ ನಾಲ್ಕು ಕೊಡ ನೀರು ಹೊಡೆದು ಬಿಡಿ. ಧೋತರ ಬೇಡ. ಹಿನ್ನೀರಿನ ಕಡೆಯಿಂದ ಗಾಳಿ ಬಂದರೆ ರೆಡ್‌ಫೋರ್ಡ್ ಮುಖ ಸೊಟ್ಟ ಆಗುತ್ತದೆ, ಸುಣ್ಣ ಬಳಿದ ಗೋಡೆ ಇದ್ದರೆ ಅದೇ ಚಂದ. ಸ್ಪೀಕರ್‌ಗೆ ವೈರ್ ಹಾಕಿ, ಬ್ಲೂಟೂತ್‌ನಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ಚಿತ್ರವನ್ನು ಆದಷ್ಟು ಮೇಲೆ ಬೀಳಿಸಿ, ಯಾಕಂದರೆ ಇಂಗ್ಲಿಷ್ ಸಬ್‌ಟೈಟಲ್ ಕೆಳಗೆ ಬರುತ್ತದೆ, ಮುಂದೆ ಕೂತವರ ತಲೆ ಅಡ್ಡ ಬಂದರೆ ಹಿಂದಿನವರಿಗೆ ಸಿನಿಮಾನೇ ಇಲ್ಲ. ಕರೆಂಟ್ ಹೋದರೆ ಏನು ಅಂತ ಮೊದಲೇ ಯೋಚಿಸಿಡಿ. ಗಿರಮಿಟ್ಟು, ಮಿರ್ಚಿ ಮೊದಲೇ ಕೊಡಬೇಡಿ, ನಡುವೆ ಕೊಡಿ. ಮಿರ್ಚಿ ತಿಂದು ಹೊಟ್ಟೆ ತುಂಬಿದವರೇ ಮೊದಲು ಮಲಗುವುದು.

ಈಗ ಮುಖ್ಯ ಕೆಲಸ. ಶುರುವಿಗೆ ಐದು ನಿಮಿಷ ಮಾತಾಡಲೇಬೇಕು, ಐದೇ ನಿಮಿಷ. ಅಮೆರಿಕದ ಸೆನೆಟ್ ಅಂದರೆ ಏನು ಅಂತ ಗೊತ್ತಾಗದೆ ಈ ಕಥೆ ತಲೆಗೆ ಹೋಗುವುದಿಲ್ಲ. ನಾನು ಹೀಗೆ ಹೇಳುತ್ತೇನೆ: ಅಲ್ಲಿ ದೊಡ್ಡ ರಾಜ್ಯವೋ ಸಣ್ಣ ರಾಜ್ಯವೋ, ಪ್ರತಿ ರಾಜ್ಯಕ್ಕೆ ಇಬ್ಬರು, ಒಟ್ಟು 100 ಜನ, ಆರು ವರ್ಷದ ಅವಧಿ. ಹಿಂದೆ ನಮ್ಮ ರಾಜ್ಯಸಭೆ ಹಾಗೆ ಶಾಸಕರೇ ಆರಿಸುತ್ತಿದ್ದರು, 1913ರಿಂದ ನೇರ ಜನರ ಓಟು. ಅಂದರೆ ಇಡೀ ಕ್ಯಾಲಿಫೋರ್ನಿಯಾ ಒಂದೇ ಕ್ಷೇತ್ರ. ಆ ರಾಜ್ಯ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡದು. ನಿಪ್ಪಾಣಿಯಿಂದ ಚಾಮರಾಜನಗರದವರೆಗೆ ಒಬ್ಬನೇ ಅಭ್ಯರ್ಥಿ ಓಟು ಕೇಳಬೇಕು ಅಂತ ಇಟ್ಟುಕೊಳ್ಳಿ, ಅದರ ಮೇಲೆ ಇನ್ನೊಂದು ಕರ್ನಾಟಕ. ಓಣಿ ಓಣಿ ತಿರುಗಿ ಕೈ ಮುಗಿದರೆ ಆಗುತ್ತದಾ? ಆಗುವುದಿಲ್ಲ. ಅದಕ್ಕೇ ಅಲ್ಲಿ ಟಿವಿ. ಮೂವತ್ತು ಸೆಕೆಂಡಿನಲ್ಲಿ ಹೇಳಲಿಕ್ಕೆ ಆಗದ ಮಾತನ್ನು ಅಭ್ಯರ್ಥಿ ಬಿಡುತ್ತಾ ಹೋಗುತ್ತಾನೆ. ಇಡೀ ಸಿನಿಮಾದ ಬೇರು ಇಲ್ಲಿದೆ, ಇದೊಂದು ಹೇಳಿದರೆ ಉಳಿದದ್ದು ತಾನೇ ತಿಳಿಯುತ್ತದೆ.

ಇನ್ನೊಂದು, ಪ್ರೈಮರಿ. ನಮ್ಮಲ್ಲಿ ಟಿಕೆಟ್ ಬೇಕು ಅಂದರೆ ಬೆಂಗಳೂರು, ದೆಹಲಿ ಓಡಬೇಕು, ಕೊನೇ ರಾತ್ರಿ ಬಿ ಫಾರ್ಮ್ ಯಾರ ಕೈಗೆ ಬರುತ್ತದೋ ದೇವರಿಗೇ ಗೊತ್ತು. ಅಲ್ಲಿ ಪಕ್ಷದ ಟಿಕೆಟ್ಟಿಗೂ ಜನ ಓಟು ಹಾಕುತ್ತಾರೆ. ಹಾಗಾಗಿ ನಾಯಕ ಒಂದು ಸಲ ಗೆದ್ದಾಗ "ಮುಗೀತೇನು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಗಿದಿಲ್ಲ, ಅದು ಬರೀ ಟಿಕೆಟ್ ಅಂತ ಹೇಳಿ.

ಕಥೆಯೊಳಗೆ ಕರೆದುಕೊಂಡು ಹೋಗಲು ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ನನಗೆ ಉಪಯೋಗಕ್ಕೆ ಬಂತು. 1989ರಲ್ಲಿ ಜಮಖಂಡಿ ಕಡೆಯ ರೈತರು ಸರ್ಕಾರದ ದಾರಿ ಕಾಯದೆ ಚಿಕ್ಕಪಡಸಲಗಿ ಹತ್ತಿರ ಕೃಷ್ಣಾ ನದಿಗೆ ತಾವೇ ಬ್ಯಾರೇಜ್ ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. 1991ರ ಲೋಕಸಭೆಗೆ ಕಾಂಗ್ರೆಸ್ಸಿನಿಂದ ನಿಂತು, ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಮಾಜಿ ಮುಖ್ಯಮಂತ್ರಿಯನ್ನೇ ಸೋಲಿಸಿದರು. ಬ್ಯಾರೇಜ್ ಸಿದ್ದು ಅಂದರೆ ಇವತ್ತಿಗೂ ಹಳಬರಿಗೆ ಗೊತ್ತು. ಪಕ್ಷದ ಹೊರಗೆ ಕೆಲಸ ಮಾಡಿ ಹೆಸರು ತಗೊಂಡವನನ್ನು ಪಕ್ಷ ಹುಡುಕಿಕೊಂಡು ಬರುವುದು ಅಂದರೆ ಏನು ಅಂತ ನಮ್ಮವರಿಗೆ ವಿವರಿಸಬೇಕಾಗಿಲ್ಲ ಅಲ್ವಾ. ಸಿನಿಮಾದ ಬಿಲ್ ಮೆಕೇ ಕೂಡ ಹಾಗೇ, ಬಡವರ ಕೇಸು ನಡೆಸುವ ವಕೀಲ, ಅಪ್ಪ ಮಾಜಿ ಗವರ್ನರ್ ಆದರೂ ರಾಜಕೀಯ ಕಂಡರೆ ಆಗದವನು. ಒಂದೇ ವ್ಯತ್ಯಾಸ. ನ್ಯಾಮಗೌಡರು ಗೆಲ್ಲಲು ನಿಂತರು, ಇವನನ್ನು ಸೋಲಲಿಕ್ಕೇ ನಿಲ್ಲಿಸುತ್ತಾರೆ.

ಆ ಮೇಲೆ ಎಲ್ಲರಿಗೂ ಒಂದೊಂದು ಚೀಟಿ, ಒಂದೊಂದು ಪೆನ್ಸಿಲ್ ಕೊಡಿ. ಇದೇ ನನ್ನ ಇಡೀ ಗುಟ್ಟು. ನಾಯಕ ತನಗೆ ಇಷ್ಟ ಇಲ್ಲದ್ದಕ್ಕೆ "ಆಯ್ತು" ಅಂದ ಅಂತ ಅನ್ನಿಸಿದಾಗಲೆಲ್ಲ ಚೀಟಿ ಮೇಲೆ ಒಂದು ಗೀಟು ಎಳೆಯಬೇಕು. ಬಾಯಿಬಿಟ್ಟು ಆಯ್ತು ಅನ್ನಬೇಕಾಗಿಲ್ಲ, ಸುಮ್ಮನಿದ್ದರೂ ಲೆಕ್ಕವೇ. ಪಕ್ಕದವರ ಚೀಟಿ ನೋಡುವಂತಿಲ್ಲ. ಈ ಸಿನಿಮಾದಲ್ಲಿ ಯಾರೂ ಸೂಟ್‌ಕೇಸ್ ತುಂಬ ದುಡ್ಡು ತರುವುದಿಲ್ಲ, ಯಾರೂ ಧಮಕಿ ಹಾಕುವುದಿಲ್ಲ. ನಮ್ಮ ಸಿನಿಮಾ ನೋಡಿದವರು ಅದನ್ನೇ ಕಾಯುತ್ತಾ ಕೂತು, ಏನೂ ಆಗಲೇ ಇಲ್ಲ ಅಂತ ಎದ್ದು ಹೋಗುತ್ತಾರೆ. ನನ್ನ ಮೊದಲ ಸಲದ ಆರು ಜನ ಹೋಗಿದ್ದು ಹಾಗೇ. ಇಲ್ಲಿ ಆಗುವುದೆಲ್ಲ ಸಣ್ಣ ಸಣ್ಣದು, ಪ್ರತಿಯೊಂದಕ್ಕೂ ಒಳ್ಳೆ ಕಾರಣ ಇರುತ್ತದೆ, ಅವನ ಜಾಗದಲ್ಲಿ ನಾವಿದ್ದರೂ ಹೂಂ ಅನ್ನುತ್ತಿದ್ದೆವು. ಪೆನ್ಸಿಲ್ ಕೈಯಲ್ಲಿದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಎಲ್ಲಿ ನಿಲ್ಲಿಸಬೇಕು? ಜಾಸ್ತಿ ನಿಲ್ಲಿಸಬೇಡಿ, ಮೂರು ಕಡೆ ಸಾಕು.

ಒಂದು, ಕಡ್ಡಿಪೆಟ್ಟಿಗೆ. ಪ್ರಚಾರ ನಡೆಸುವ ಲೂಕಸ್ ಮೆಕೇಯನ್ನು ಒಪ್ಪಿಸಲು ಬರುತ್ತಾನೆ. ಎದುರಾಳಿ ಜಾರ್ಮನ್ ಹಳೇ ಹುಲಿ, ಅವನನ್ನು ಸೋಲಿಸಲು ಆಗುವುದಿಲ್ಲ, ಹೇಗಿದ್ದರೂ ಸೋಲುತ್ತೀಯ, ಹಾಗಾಗಿ ನಿನಗೆ ಅನ್ನಿಸಿದ್ದನ್ನೆಲ್ಲ ಹೇಳಬಹುದು ಅಂತ ಪುಸಲಾಯಿಸುತ್ತಾನೆ. ಗ್ಯಾರಂಟಿ ಏನು ಅಂದರೆ, ಕಡ್ಡಿಪೆಟ್ಟಿಗೆಯ ರಟ್ಟಿನ ಮೇಲೆ ನೀನು ಸೋಲುತ್ತೀಯ ಅಂತ ಬರೆದು ಕೊಡುತ್ತಾನೆ! ನಮ್ಮ ಕಾಕಾ ಬೀಳಗಿ ಕಡೆಯ ಹಳ್ಳಿಯಲ್ಲಿ ಎಷ್ಟೋ ಎಲೆಕ್ಷನ್ನಿಗೆ ಬೂತ್ ಏಜೆಂಟ್ ಆಗಿ ಕೂತವರು. ಉಳಿದವರೆಲ್ಲ ನಗುತ್ತಿದ್ದರೆ ಅವರು ಕನ್ನಡಕ ಮೇಲೆ ಮಾಡಿ, ಚೀಟಿಯನ್ನು ತೊಡೆ ಮೇಲೆ ಇಟ್ಟು, ನಿಧಾನಕ್ಕೆ ಒಂದು ಗೀಟು ಎಳೆದರು. "ಕಾಕಾ, ಇನ್ನೂ ಏನೂ ಆಗಿಲ್ಲಲ್ಲ" ಅಂದೆ. "ತಮ್ಮಾ, ಇಂವ ಆ ಪೆಟ್ಟಿಗಿ ಕಿಸೆದಾಗ ಇಟಗೊಂಡನಲ್ಲ, ಮುಗೀತು" ಅಂದರು.

ಎರಡು, ಪ್ರೈಮರಿ ಗೆದ್ದ ಮೇಲೆ ಲೂಕಸ್ ಲೆಕ್ಕ ತಂದು ತೋರಿಸುವ ಜಾಗ. ಸೋಲುವುದು ಗ್ಯಾರಂಟಿ ಅಂದಿದ್ದೆನಲ್ಲ, ಆದರೆ ಹೀಗೇ ಹೋದರೆ ಮಾನ ಹೋಗುವ ಹಾಗೆ ಸೋಲುತ್ತೀಯ ಅನ್ನುತ್ತಾನೆ. ಇಲ್ಲಿ ನಿಲ್ಲಿಸಿ ಒಂದೇ ಮಾತು ಹೇಳಿ: ಡಿಪಾಸಿಟ್. ಬಿದ್ದ ಓಟಿನಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುವ ನಮ್ಮ ಪದ್ಧತಿ ಅಲ್ಲಿಲ್ಲ, ಆದರೆ ಆ ಸಂಕಟ ಅದೇ. ಸೋತೆ ಅಂತ ಹೇಳಿಕೊಂಡು ತಿರುಗಬಹುದು, ಡಿಪಾಸಿಟ್ ಹೋಯಿತು ಅಂತ ಹೇಳಿಕೊಂಡು ಬಜಾರಕ್ಕೆ ಹೋಗಲು ಆಗುವುದಿಲ್ಲ. ನಾನು ಕರೆದಿದ್ದ ಪಂಚಾಯಿತಿ ಸೋತವರು ಇಲ್ಲಿ ಮಾತಾಡಲು ಶುರುಮಾಡಿದರೆ ಹತ್ತು ನಿಮಿಷ ನಿಲ್ಲಿಸಲೇ ಇಲ್ಲ. ಹನ್ನೊಂದು ಓಟು ಬಂದಿದ್ದವಂತೆ, ಮನೆಯಲ್ಲೇ ಒಂಬತ್ತು ಓಟು. ಮಾತಾಡಲು ಬಿಡಿ. ಸಿನಿಮಾ ಎಲ್ಲಿಗೂ ಹೋಗುವುದಿಲ್ಲ.

ಇಲ್ಲಿಂದ ಮುಂದೆ ಗೀಟು ಬೇಗ ಬೇಗ ಬೀಳುತ್ತವೆ, ನಿಲ್ಲಿಸಬೇಡಿ. ಶುರುವಿನಲ್ಲಿ ಪತ್ರಕರ್ತರು ಕೇಳಿದ್ದಕ್ಕೆ ಗೊತ್ತಿಲ್ಲ ಅಂತ ನೇರವಾಗಿ ಹೇಳುತ್ತಿದ್ದವನು ಆಮೇಲೆ ಎಲ್ಲದಕ್ಕೂ ಜಾರಿಕೊಳ್ಳುವ ಉತ್ತರ ಕಲಿಯುತ್ತಾನೆ. ಕಾಡಿಗೆ ಬೆಂಕಿ ಬಿದ್ದ ಜಾಗಕ್ಕೆ ಹೋಗಿ ಕಾರಣ ಹೇಳಲು ನಿಂತರೆ ಜಾರ್ಮನ್ ಹೆಲಿಕಾಪ್ಟರಿನಲ್ಲಿ ಇಳಿದು ಕ್ಯಾಮೆರಾಗಳನ್ನೆಲ್ಲ ಎಳೆದುಕೊಂಡು ಹೋಗುತ್ತಾನೆ. ಕೃಷ್ಣಾ, ಘಟಪ್ರಭಾ ನದಿಗೆ ನೆರೆ ಬಂದಾಗ ಬೋಟಿನಲ್ಲಿ ನಿಂತು ಫೋಟೋ ತೆಗೆಸಿಕೊಂಡವರನ್ನು ನಾವೂ ನೋಡಿದ್ದೇವಲ್ಲ, ಈ ಜಾಗದಲ್ಲಿ ಮಾಳಿಗೆ ತುಂಬ ನಗು.

ಮೂರನೇ ಸಲ ನಿಲ್ಲಿಸಬೇಕಾದ್ದು ಕಾರಿನ ಹಿಂದಿನ ಸೀಟು. ದಿನಾ ಅದೇ ಭಾಷಣ ಮಾಡಿ ಮಾಡಿ ಮೆಕೇಗೆ ತಲೆ ಕೆಟ್ಟು, ತನ್ನ ಮಾತನ್ನೇ ಹಿಂದೆ ಮುಂದೆ ಮಾಡಿ, ಕಲಸಿ, ಅರ್ಥವಿಲ್ಲದ ಹಾಗೆ ಒದರುತ್ತಾನೆ. ಇಂಗ್ಲಿಷ್ ಬರದವರಿಗೆ ಇದು ಹುಚ್ಚನ ಹಾಗೆ ಕಾಣುತ್ತದೆ, ಸಬ್‌ಟೈಟಲ್ ಓದಿದರೂ ಪ್ರಯೋಜನ ಇಲ್ಲ. ನಾನು ಇಲ್ಲಿ ನಿಲ್ಲಿಸಿ ಒಬ್ಬ ಹುಡುಗನಿಗೆ ಆಟೋ ಮೈಕಿನ ದನಿಯಲ್ಲಿ ಹೇಳು ಅಂದೆ. "ಬಂಧುಗಳೇ, ಬಡವರ ಅಭಿವೃದ್ಧಿ, ರೈತರ ಮಹಿಳೆಯರು, ಯುವಕರ ನೀರಾವರಿ, ತಮ್ಮ ಅಮೂಲ್ಯವಾದ ರಸ್ತೆಯನ್ನು ನೀಡಿ" ಅಂತ ಶುರುಮಾಡಿದ ನೋಡಿ, ಬಿದ್ದು ಬಿದ್ದು ನಕ್ಕರು. ಆಮೇಲೆ ಅದೇ ದೃಶ್ಯ ಇನ್ನೊಂದು ಸಲ ಹಾಕಿ. ಎರಡನೇ ಸಲ ಯಾರೂ ನಗಲಿಲ್ಲ.

ಟಿವಿ ಚರ್ಚೆಯ ಹತ್ತಿರ, ಕಾರ್ಮಿಕ ಮುಖಂಡನ ಜೊತೆಗಿನ ಮಾತಿನ ಹತ್ತಿರ, ಅಪ್ಪ ಬರುವ ಜಾಗದಲ್ಲಿ, ನಿಮಗೆ ಎಷ್ಟೇ ಬಾಯಿ ತುರಿಸಿದರೂ ಸುಮ್ಮನಿರಿ. ಅಪ್ಪನ ಪಾತ್ರಕ್ಕೆ ಮೆಲ್ವಿನ್ ಡಗ್ಲಸ್ ಇದ್ದಾರೆ, ಇಡೀ ಸಿನಿಮಾದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಮುದುಕನ ನಗು ಒಂದೇ. ಕೊನೆಗೆ ಏನಾಗುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ. ಮುಗಿಯುವಾಗ ಒಂದು ಸಣ್ಣ ಪ್ರಶ್ನೆ ಬರುತ್ತದೆ, ಅದಕ್ಕೆ ಸಿನಿಮಾದಲ್ಲಿ ಉತ್ತರ ಇಲ್ಲ, ಅಷ್ಟು ಹೇಳಬಲ್ಲೆ. ಆ ಹೊತ್ತಿಗೆ ಲೈಟ್ ಹಾಕಲು ಓಡಬೇಡಿ. ಕತ್ತಲೆ ಇರಲಿ.

ಲೈಟ್ ಹಾಕಿದ ಮೇಲೆ ಮೊದಲು ಚೀಟಿ ಎಣಿಸಿ, ಚರ್ಚೆ ಆಮೇಲೆ. ನಮ್ಮಲ್ಲಿ ಕಾಲೇಜು ಹುಡುಗಿಯದು ಹದಿನೇಳು ಗೀಟು, ಪಂಚಾಯಿತಿ ಸೋತವರದು ನಾಲ್ಕು. "ನಾಕs ನಾಕಾ?" ಅಂತ ಅವಳು ಮೇಲೆ ಬಿದ್ದಳು. "ಉಳದದ್ದು ಎಲೆಕ್ಷನ್ನವಾ, ಅದಕ್ಕ ಆಯ್ತು ಅನ್ನಲಾರ್ದ ಹೆಂಗ ನಿಂದ್ರತಿ?" ಅಂದರು ಅವರು. ರಾಜಕೀಯ ಆಗುವುದಿಲ್ಲ ಅನ್ನುತ್ತಿದ್ದವರು ಹುಡುಗಿಯ ಕಡೆ ಸೇರಿದರು. ಜಗಳ ಬಿಡಿಸಲು ಹೋಗಬೇಡಿ, ಮಿರ್ಚಿ ಉಳಿದಿದ್ದರೆ ಈಗ ತನ್ನಿ. ಯಾವ ಗೀಟು ಎಲ್ಲಿ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಸಾಕು, ಹನ್ನೆರಡಾಗುತ್ತದೆ.

ಕಾಕಾನ ಚೀಟಿಯಲ್ಲಿ ಇದ್ದದ್ದು ಅದೊಂದೇ ಗೀಟು. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಗೆ ಹಾಕಿಕೊಂಡು ಕೆಳಗೆ ಇಳಿದು ಹೋದರು.

ಪ್ರೊಜೆಕ್ಟರ್ ಮರುದಿನ ಬೆಳಗ್ಗೆಯೇ ವಾಪಸ್ ಕೊಟ್ಟುಬಿಡಿ, ಮಧ್ಯಾಹ್ನ ಆದರೆ ಎರಡನೇ ದಿನದ ಬಾಡಿಗೆ ಹಚ್ಚುತ್ತಾರೆ. ನನಗೆ ಹಚ್ಚಿದ್ದರು.