ಮುಹೂರ್ತದ ಕ್ಯಾಲೆಂಡರಿನಲ್ಲೇ ಬೆದೆಯ ಲೆಕ್ಕ

ದಾವಣಗೆರೆಯಲ್ಲಿ ಮದುವೆ ಮೆರವಣಿಗೆಗೆ ಹೆಣ್ಣು ಕುದುರೆ ಸಾಕುವವರ ತಾಪತ್ರಯ ಒಂದೇ. ಶಿವರಾತ್ರಿ ಕಳೆದ ಮೇಲೆ ಮುಹೂರ್ತಗಳು ಸಾಲುಗಟ್ಟುತ್ತವೆ, ಹಗಲು ಉದ್ದವಾಗುತ್ತ ಕುದುರೆಯ ಬೆದೆ ಜೋರಾಗುವುದೂ ಅದೇ ತಿಂಗಳುಗಳಲ್ಲಿ. ಬ್ಯಾಂಡ್ ಸೆಟ್ಟು, ಜನರೇಟರ್ ದೀಪ, ಹಿಂದೆ ಕುಣಿಯುವ ಹುಡುಗರು, ನಡುವೆ ಬಾಲ ಎತ್ತಿ ನಿಂತ ಕುದುರೆ. ಬೆದೆ ತಡೆಯುವ ಔಷಧಿ ಕೇಳಿಕೊಂಡು ಬರುವವರಿಗೆಲ್ಲ ನಾನು ಮೊದಲು ಹೇಳುವುದು, ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಅಂತ.

ಒಂದು ಬೆದೆಯಿಂದ ಇನ್ನೊಂದಕ್ಕೆ 21–22 ದಿನ. ಅದರಲ್ಲಿ 5ರಿಂದ 7 ದಿನ ಬೆದೆ, ಉಳಿದ 14–15 ದಿನ ಬಿಡುವು. ಚಳಿ ದೇಶಗಳಲ್ಲಿ ಚಳಿಗಾಲವಿಡೀ ಬೆದೆ ನಿಲ್ಲುತ್ತದೆ. ನಮ್ಮಲ್ಲಿ ಡಿಸೆಂಬರಿನ ಹಗಲು ಸುಮಾರು ಹನ್ನೊಂದೂಕಾಲು ಗಂಟೆ, ಜೂನ್ ತಿಂಗಳದ್ದು 13ರ ಹತ್ತಿರ. ಅಂತರ ಇಷ್ಟು ಕಡಿಮೆ ಇರುವುದರಿಂದ ಅನೇಕ ಕುದುರೆಗಳು ವರ್ಷಪೂರ್ತಿ ಬೆದೆಗೆ ಬರುತ್ತವೆ. ಲಾಯದ ಟ್ಯೂಬ್‌ಲೈಟನ್ನು ರಾತ್ರಿ ಹನ್ನೊಂದರವರೆಗೆ ಉರಿಸಿದರೆ ಅದೂ ಹಗಲಿನ ಲೆಕ್ಕಕ್ಕೇ ಸೇರುತ್ತದೆ. ಮರಿ ಮಾಡಿಸುವವರು ಬೇಗ ಬೆದೆ ಬರಲೆಂದು ಬೇಕಂತಲೇ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ಮೆರವಣಿಗೆಯವರಿಗೆ ಅದು ಬೇಡದ ಉಪಕಾರ. ಕೆಲಸ ಮುಗಿದ ಕೂಡಲೇ ದೀಪ ಆರಿಸಿ.

ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ಒಂದಕ್ಷರದ ಗುರುತು ಸಾಕು. ಬಾಲ ಎತ್ತಿದರೆ ‘ಬಾ’. ಹಿಂಗಾಲು ಅಗಲಿಸಿ ಚೂರು ಚೂರೇ ಗಂಜಲ ಚಿಮ್ಮಿಸಿದರೆ ‘ಗಂ’. ಬಾಲದ ಕೆಳಗೆ ಯೋನಿಯ ತುಟಿ ಮಿಟುಕಿಸಿದರೆ ‘ಮಿ’. ಒದ್ದರೆ ‘ಒ’, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ತಿರುಗಿದರೆ ‘ಪ’. ನೋಡುವ ಹೊತ್ತು ದಿನವೂ ಒಂದೇ ಇರಲಿ: ಬೆಳಿಗ್ಗೆ ಮೇವು ಹಾಕುವ ಮುಂಚೆ. ಕನಿಷ್ಠ ಮೂರು ಸುತ್ತು, ಅಂದರೆ 65 ದಿನದಷ್ಟು, ಬಿಡದೆ ಬರೆಯಬೇಕು. ಆಮೇಲೆ ‘ಬಾ, ಗಂ, ಮಿ’ ಮೂರೂ ಒಟ್ಟಿಗೆ 21–22 ದಿನಕ್ಕೊಮ್ಮೆ ಗುಂಪುಗಟ್ಟುತ್ತವೆಯೇ ನೋಡಿ. ‘ಒ’ ಮತ್ತು ‘ಪ’ ಆ ಗುಂಪಿನೊಳಗೇ ಬೀಳುತ್ತಿದ್ದರೆ ತೊಂದರೆ ಬೆದೆಯದ್ದು. ತಿಂಗಳಿಡೀ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಬೆದೆಯನ್ನು ದೂರಿ ಫಲವಿಲ್ಲ.

ಇಲ್ಲೇ ಹೆಚ್ಚಿನವರು ಎಡವುವುದು. ನಿಜವಾದ ಬೆದೆಯಲ್ಲಿ ಹೆಣ್ಣು ಗಂಡಿನ ಕಡೆ ಒಲಿಯುತ್ತದೆ, ಗೋಡೆಯಾಚೆ ಗಂಡು ನಿಂತರೆ ಹಿಂಭಾಗ ತಿರುಗಿಸಿ ನಿಲ್ಲುತ್ತದೆ. ಕಿವಿ ಹಿಂದಕ್ಕೆ ಒತ್ತಿ, ಕೀರಲು ದನಿ ತೆಗೆದು ಗಂಡಿನತ್ತ ಕಾಲು ಬೀಸುವುದು ಬೆದೆಯಿಲ್ಲದ ದಿನಗಳ ಲಕ್ಷಣ. ‘ಬೆದೆಗೆ ಬಂದು ಒದೀತಿದೆ’ ಎಂಬ ಮಾತು ಅರ್ಧಕ್ಕರ್ಧ ತಲೆಕೆಳಗು. ಹೆದರಿದ ಪಡ್ಡೆ ಕುದುರೆಯೂ, ನೋವಿರುವ ಕುದುರೆಯೂ ಬಾಲ ಎತ್ತಿ ಗಂಜಲ ಚಿಮ್ಮಿಸುವುದುಂಟು. ಅದಕ್ಕೇ ಒಂದು ಗುರುತು ನೋಡಿ ತೀರ್ಮಾನಿಸಬಾರದು.

ಪಟ್ಟಿ ಬಿಗಿಯುವಾಗ ಕಚ್ಚುವ ಕುದುರೆಯಲ್ಲಿ ನಾನು ಮೊದಲು ಅನುಮಾನಿಸುವುದು ಹೊಟ್ಟೆಯ ಹುಣ್ಣನ್ನು. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಸಂಜೆ ಐದಕ್ಕೆ ಅಲಂಕಾರ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುವ ಮೆರವಣಿಗೆಯಲ್ಲಿ ಆರು ಗಂಟೆ ಬರಿ ಹೊಟ್ಟೆ. ಜೀನು ಹಾಕುವ ಅರ್ಧ ಗಂಟೆ ಮುಂಚೆ ಒಂದೆರಡು ಹಿಡಿ ಒಣಹುಲ್ಲು ತಿನ್ನಿಸಿ, ಮೆರವಣಿಗೆ ನಿಂತಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಡಿ. ಜೊತೆಗೆ ಬೆನ್ನುಮೂಳೆಯ ಎರಡೂ ಬದಿ ಬೆರಳಿನಿಂದ ಒತ್ತುತ್ತ ಸೊಂಟದವರೆಗೆ ಹೋಗಿ. ಒಂದೇ ಜಾಗದಲ್ಲಿ ಪ್ರತಿ ಸಲ ಕುಗ್ಗಿದರೆ ಜೀನು ಒತ್ತುತ್ತಿದೆ. ಹಲ್ಲು, ಗೊರಸು, ಗಂಜಲದ ಬಣ್ಣವನ್ನೂ ನೋಡಿ.

ಬೆದೆಯೇ ಎಂದು ಖಾತ್ರಿಯಾದ ಮೇಲೆ ಆ 5–7 ದಿನಗಳ ಚಾಕರಿ ಬೇರೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿಯುವ ಒಂದೆರಡು ದಿನ ಮೊದಲು. ಆಗ ಅಂಡಾಶಯದಲ್ಲಿ ನಾಲ್ಕು ಸೆಂಟಿಮೀಟರ್ ಆಸುಪಾಸಿನ ನೀರುಗುಳ್ಳೆ ಇರುತ್ತದೆ, ಕೆಲವಕ್ಕೆ ಅಳ್ಳೆ ಮುಟ್ಟಿದರೂ ನೋವು. ಗಟ್ಟಿ ಬ್ರಷ್ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಟ್ಟೆಪಟ್ಟಿಯನ್ನು ಒಂದೇ ಏಟಿಗೆ ಜಗ್ಗದೆ ಒಂದು ರಂಧ್ರ ಬಿಗಿದು ಹತ್ತು ಹೆಜ್ಜೆ ನಡೆಸಿ, ಮತ್ತೊಂದು ಬಿಗಿದು ಮತ್ತೆ ನಡೆಸಿ, ಮೂರನೆಯದು ಸವಾರ ಹತ್ತುವ ಮುಂಚೆ.

ಯಾರೂ ಗಮನಿಸದ ಜಾಗ ಬಾಲದ ಬುಡ. ಮೆರವಣಿಗೆ ಸಾಜಿನಲ್ಲಿ ಜೀನಿನಿಂದ ಬಂದು ಬಾಲದ ಕೆಳಗೆ ಹಾಯುವ ಪಟ್ಟಿ ಇರುತ್ತದಲ್ಲ, ಬೆದೆಯಲ್ಲಿ ಅದು ಗಂಜಲ, ಲೋಳೆ ಕುಡಿದು ಒಣಗಿ ಬಿರುಸಾಗುತ್ತದೆ. ಅಂಚಿನ ಹೊಲಿಗೆ ಗರಗಸದಂತೆ ಉಜ್ಜಿ ಬಾಲದಡಿಯ ತೆಳುಚರ್ಮ ಕೆಂಪಾಗುತ್ತದೆ. ಬಾಲ ಎತ್ತಿದಷ್ಟೂ ಪಟ್ಟಿ ಬಿಗಿಯುತ್ತದೆ, ಬಿಗಿದಷ್ಟೂ ಕುದುರೆ ಒದೆಯುತ್ತದೆ. ಆ ದಿನಗಳಲ್ಲಿ ಈ ಪಟ್ಟಿಯನ್ನೇ ಬಿಚ್ಚಿಟ್ಟು ಎದೆಪಟ್ಟಿಯಿಂದ ಜೀನು ನಿಲ್ಲಿಸಿ. ಹಿಂಗಾಲಿನ ಒಳಬದಿ ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ. ಗಂಜಲ ಸುಡುವುದು ತಪ್ಪುತ್ತದೆ.

ಎರಡು ಕುದುರೆ ಹೋಗುವ ಮೆರವಣಿಗೆಯಾದರೆ ಗಂಡನ್ನು ಹಿಂದೆ ಬಿಡಬೇಡಿ. ಹಿಂಗಾಲಿನಿಂದ ಮೂರು ಮೀಟರ್ ಜಾಗ ಕಾಯಲು ಒಬ್ಬ ಆಳು ಬೇಕೇ ಬೇಕು. ಆತನ ಕೂಲಿ ಉಳಿಸಲು ಹೋದವರು ಆಸ್ಪತ್ರೆ ಬಿಲ್ ಕಟ್ಟುತ್ತಾರೆ. ಮಗುವನ್ನು ಕೂರಿಸುವ ಶಾಸ್ತ್ರವಿದ್ದರೆ ಅವತ್ತು ಬೇರೆ ಕುದುರೆ ಕಳಿಸಿ.

ಮೇವಿನ ಮಾತು. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಕೈಗೆಟುಕುವಂತಿರುವುದರಿಂದ ಸೇರುಗಟ್ಟಲೆ ಸುರಿಯುವ ಚಾಳಿ. ಅದರ ಪಿಷ್ಟ ಕುದುರೆಯನ್ನು ಕೆರಳಿಸುತ್ತದೆ, ಹುಣ್ಣಿಗೂ ದಾರಿ. ತೂಕ ಅಂದಾಜಿಸಲು ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆ 150, ಉದ್ದ 140 ಇದ್ದರೆ 265 ಕಿಲೋ. ಅಂಥ ಕುದುರೆಗೆ ದಿನಕ್ಕೆ 4ರಿಂದ 5 ಕಿಲೋ ಒಣಮೇವು ತಪ್ಪಕೂಡದು. ಮೆಕ್ಕೆಜೋಳ ಒಂದು ಹೊತ್ತಿಗೆ ಅರ್ಧ ಕಿಲೋ ದಾಟದಿರಲಿ. ಬದಲಾವಣೆ ಏನೇ ಇದ್ದರೂ 7–10 ದಿನ ಹಿಡಿದು ಮಾಡಿ. ಮುಹೂರ್ತವಿಲ್ಲದ ದಿನವೂ ಮುಕ್ಕಾಲು ಗಂಟೆ ನಡೆಸಿ. ಕಟ್ಟಿಹಾಕಿದ ಕುದುರೆಗೆ ಬೆದೆಯಿಲ್ಲದಿದ್ದರೂ ತಲೆ ಕೆಡುತ್ತದೆ.

ಇಷ್ಟಾದರೂ ಸವಾರಿ ಅಪಾಯವೆನಿಸಿದರೆ ಔಷಧಿ, ಅದೂ ಪಶುವೈದ್ಯರ ಚೀಟಿಯ ಮೇಲೆ. ಬೆದೆ ತಡೆಯಲು ನಂಬಿಕಸ್ತವಾದದ್ದು ಆಲ್ಟ್ರೆನೊಜೆಸ್ಟ್. ಕಿಲೋ ತೂಕಕ್ಕೆ 0.044 ಮಿಲಿಗ್ರಾಂನಂತೆ ದಿನಕ್ಕೊಮ್ಮೆ ಬಾಯಿಗೆ, ಮಿಲಿಲೀಟರಿಗೆ 2.2 ಮಿಲಿಗ್ರಾಂ ಇರುವ ದ್ರಾವಣವಾದರೆ 265 ಕಿಲೋಗೆ 5.3 ಮಿಲಿಲೀಟರ್. ಹಿಡಿತ ಸಿಗಲು ಎರಡು ಮೂರು ದಿನ ಬೇಕು, ಮದುವೆಯ ಬೆಳಿಗ್ಗೆ ಕುಡಿಸಿದರೆ ಉಪಯೋಗವಿಲ್ಲ. ಚರ್ಮದ ಮೂಲಕವೂ ಒಳಹೋಗುವ ಔಷಧಿ ಇದು. ಗ್ಲೌಸ್ ಕಡ್ಡಾಯ, ಬಸುರಿಯರು ಬಾಟಲಿಯನ್ನೂ ಮುಟ್ಟಬಾರದು. ಹೆಂಗಸರಿಗೆ ಕೊಡುವ ಮೂರು ತಿಂಗಳ ಗರ್ಭನಿರೋಧಕ ಇಂಜೆಕ್ಷನ್ ಕುದುರೆಯ ಬೆದೆ ನಿಲ್ಲಿಸುವುದಿಲ್ಲ. ಎಮ್ಮೆಗೆ ಹಾಕುವ ಪ್ರೊಸ್ಟಾಗ್ಲಾಂಡಿನ್ ಬೆದೆ ತಡೆಯುವುದಿರಲಿ, ತಾನೇ ಬರಿಸುತ್ತದೆ, ಬೆವರು, ಹೊಟ್ಟೆನೋವು ಬೇರೆ. ಗರ್ಭಕೋಶದೊಳಗೆ ಗಾಜಿನ ಗೋಲಿ ಇಡುವ ಪದ್ಧತಿಗೆ ಕೈಹಾಕಬೇಡಿ. ಕೆಲಸ ಮಾಡುವ ಭರವಸೆ ಕಡಿಮೆ, ಒಳಗೆ ಒಡೆದರೆ ಗರ್ಭಕೋಶವೇ ಹಾಳು.

ಕ್ಯಾಲೆಂಡರಿನಲ್ಲಿ ಸುತ್ತೇ ಕಾಣದೆ, ಹೆಣ್ಣು ಗಂಡಿನಂತೆ ಕತ್ತು ದಪ್ಪವಾಗಿ ಬೇರೆ ಹೆಣ್ಣುಗಳ ಮೇಲೆ ಏರಲು ಹೋದರೆ ಅಥವಾ ಬೆದೆ ವಾರಗಟ್ಟಲೆ ಇಳಿಯದಿದ್ದರೆ ಅಂಡಾಶಯದ ಗಡ್ಡೆಯ ಶಂಕೆ. ಸ್ಕ್ಯಾನಿಂಗಿನಲ್ಲಿ ಸಾಮಾನ್ಯವಾಗಿ ಒಂದು ಅಂಡಾಶಯ ಊದಿರುತ್ತದೆ, ಇನ್ನೊಂದು ಸುಕ್ಕಿರುತ್ತದೆ. ರಕ್ತಪರೀಕ್ಷೆಯೂ ಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವವರು ಮೊದಲೇ ವಿಚಾರಿಸಿಕೊಂಡು ಹೊರಡಿ. ಬರೆದ ಕ್ಯಾಲೆಂಡರ್ ಜೊತೆಗಿರಲಿ, ವೈದ್ಯರ ಮೊದಲ ಪ್ರಶ್ನೆಗಳೆಲ್ಲ ತಾರೀಖಿನ ಬಗ್ಗೆಯೇ.

‘ಗಬ್ಬ ಮಾಡಿಸಿಬಿಡಿ, ತಣ್ಣಗಾಗುತ್ತೆ’ ಎನ್ನುವವರು ಪ್ರತಿ ಲಾಯದಲ್ಲೂ ಸಿಗುತ್ತಾರೆ. ಗಬ್ಬ 11 ತಿಂಗಳು, ಕೊನೆಯ ಮೂರರಲ್ಲಿ ಮೆರವಣಿಗೆ ಇಲ್ಲ, ಮರಿ ಕಾಲಡಿಯಲ್ಲಿರುವಾಗಲೂ ಇಲ್ಲ. ಮರಿ ಹಾಕಿ ಒಂದು ವಾರ, ಹತ್ತು ದಿನಕ್ಕೆಲ್ಲ ಮತ್ತೆ ಬೆದೆಗೆ ಬರುತ್ತದೆ.